ರಾಯರ ಫೇಲ್‌ಸೇಫ್

ಮನೆಗೆ ಬೀಗ ಹಾಕಿ, ಬೀಗವನ್ನು ಎರಡು ಸಲ ಜಗ್ಗಿ, ಗೇಟಿನ ತನಕ ಹೋಗಿ, ಮತ್ತೆ ಬಂದು ಮೂರನೇ ಸಲ ಜಗ್ಗುವವರನ್ನು ನೀವು ನೋಡಿರುತ್ತೀರಿ. ಆ ಪಂಥದ ಮಠಾಧಿಪತಿಯೊಬ್ಬರು ನಮ್ಮ ಯಡಿಯೂರಿನಲ್ಲಿದ್ದಾರೆ. ನಿಜನಾಮಧೇಯ ಬೇಡ. ರಸ್ತೆಯ ಹುಡುಗರು ಫೇಲ್‌ಸೇಫ್ ರಾಯರು ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಈ ತಳಿ ಜಯನಗರ, ಬನಶಂಕರಿಯ ನೆಲದಲ್ಲೂ ಸೊಗಸಾಗಿ ಬೆಳೆಯುತ್ತದೆ: ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತೈದು ವರ್ಷ, ಸಾಲ ಮಾಡಿ ಕಟ್ಟಿದ ಮನೆ, ಮೇಲೆ ಬಾಡಿಗೆಗೊಂದು ಮಹಡಿ, ಅಮೆರಿಕದಲ್ಲಿ ಮಗ, ಜೇಬಿನಲ್ಲಿ ಟೆಸ್ಟರ್.

ಮಗ ರಜೆಗೆ ಬಂದಾಗ ತನ್ನ ಮಗನಿಗೆಂದು ಒಂದು ಆರ್‌ಸಿ, ಅಂದರೆ ರೇಡಿಯೋ ಕಂಟ್ರೋಲ್, ಸೆಟ್ ತಂದಿದ್ದ. ಎರಡು ಸ್ಟಿಕ್ಕಿನ ಟ್ರಾನ್ಸ್‌ಮಿಟರ್, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ರಿಸೀವರ್, ಮೋಟಾರು. ಮೊಮ್ಮಗ ಅದನ್ನು ಒಂದು ವಾರಕ್ಕೆ ಮರೆತ. ತಾತ ಎಸ್.ಪಿ. ರೋಡಿಗೆ ಹೋಗಿ ಉಳಿದ ಸಾಮಾನು ತಂದರು. ಥರ್ಮೋಕೋಲ್ ಹಾಳೆ ಕೊಯ್ದು ಎಚ್‌ಟಿ-2 ಮಾಡಿದರು. ಡಾ. ವಿ. ಎಂ. ಘಾಟಗೆಯವರ ತಂಡ ಎಚ್‌ಎಎಲ್‌ನಲ್ಲಿ ರೂಪಿಸಿದ, 1951ರಲ್ಲಿ ಮೊದಲ ಸಲ ಹಾರಿದ ತರಬೇತಿ ವಿಮಾನ ಅದು. "ಎಲ್ಲರೂ ಮರುತ್ ಮರುತ್ ಅಂತಾರೆ. 1961ರಲ್ಲಿ ಹಾರಿದ ಜೆಟ್ಟು, ಈಗ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಲ್ಲಿ ನಿಂತಿದೆ, ಮಕ್ಕಳು ಫೋಟೋ ತೆಗೆಸ್ಕೋತಾರೆ. ಹಾರೋದು ಕಲಿಸಿದ ಮೇಷ್ಟ್ರನ್ನ ಯಾರ್ ರೀ ಕೇಳ್ತಾರೆ?" 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂ ತನಕ ನ್ಯಾನೋ ಅನ್ನುತ್ತಾರೆಂದು ಎಲ್ಲೋ ಓದಿ, ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿಸಿ, ಪೈಲಟ್ಟಿನ ಗೊಂಬೆಯ ತಲೆಯನ್ನು ಮರಳು ಕಾಗದದಲ್ಲಿ ಉಜ್ಜಿ ಬೋಳು ಮಾಡಿ 247ಕ್ಕೆ ತಂದರು.

ಎರಡು ವರ್ಷವಾಯಿತು. ವಿಮಾನ ಇನ್ನೂ ಹಾರಿಲ್ಲ. ಫೇಲ್‌ಸೇಫ್ ನಡೆಯುತ್ತಿದೆ.

ಕೇಳಿದವರಿಗೂ ಕೇಳದವರಿಗೂ ರಾಯರು ಹೇಳುವ ಪಾಠ ಇದು. ರಡ್ಡರ್, ರೆಕ್ಕೆಯ ತುಂಡುಗಳನ್ನು ತಿರುಗಿಸುವ ಪುಟ್ಟ ಯಂತ್ರವೇ ಸರ್ವೋ. ರಿಸೀವರ್ ಪ್ರತಿ ಸರ್ವೋಗೂ ಸೆಕೆಂಡಿಗೆ ಐವತ್ತು ಸಲ ಒಂದು ಪಲ್ಸ್ ಕಳಿಸುತ್ತದೆ. ಪಲ್ಸಿನ ಅಗಲ ಒಂದು ಮಿಲಿಸೆಕೆಂಡಾದರೆ ಈ ತುದಿ, ಎರಡಾದರೆ ಆ ತುದಿ, ಒಂದೂವರೆಯಾದರೆ ಮಧ್ಯ. ಪಾಪ, ಸರ್ವೋಗೆ ಸ್ವಂತ ಬುದ್ಧಿಯಿಲ್ಲ. ಈಗ ಟ್ರಾನ್ಸ್‌ಮಿಟರಿನ ಬ್ಯಾಟರಿ ಹೋಯಿತು, ಅಥವಾ ವಿಮಾನ ದೂರ ಹೋಗಿ ಸಂಬಂಧ ಕಡಿಯಿತು ಅನ್ನಿ. ರಿಸೀವರ್ ಏನು ಮಾಡಬೇಕು? ಒಂದು ದಾರಿ, ಹೋಲ್ಡ್: ಕೊನೆಗೆ ಬಂದ ಅಪ್ಪಣೆಯನ್ನೇ ಹಿಡಿದು ಕೂರುವುದು. "ಕೊನೇ ಅಪ್ಪಣೆ ಫುಲ್ ಥ್ರಾಟಲ್ ಆಗಿತ್ತು ಅನ್ಕೊಳ್ಳಿ. ಬ್ಯಾಟರಿ ಮುಗಿಯೋ ತನಕ ಅದೇ. ಇಲ್ಲಿ ಬಿಟ್ಟಿದ್ದನ್ನ ಕನಕಪುರದ ರೇಷ್ಮೆ ತೋಟದಲ್ಲಿ ಹುಡುಕಬೇಕು." ಇನ್ನೊಂದು, ಮೊದಲೇ ಹೇಳಿಟ್ಟದ್ದನ್ನು ಮಾಡುವುದು: ಮೋಟಾರು ಬಂದ್, ರಡ್ಡರ್ ಒಂಚೂರು ಓರೆ, ಅಲ್ಲಲ್ಲೇ ಸುತ್ತು ಹಾಕುತ್ತಾ ಕೆಳಗೆ. ಹಾಗೆ ಇಳಿದರೆ ವಿಮಾನ ಉಳಿಯುತ್ತದೆಯೇ ಎಂದು ಒಮ್ಮೆ ಕೇಳಿದೆ. ರಾಯರು ಕನ್ನಡಕ ಇಳಿಸಿ ನೋಡಿದರು. "ವಿಮಾನ ಉಳಿಸೋಕಲ್ಲ ರೀ ಅದು. ಕೆಳಗೆ ನಿಂತಿರೋ ನಿಮ್ಮ ತಲೆ ಉಳಿಸೋಕೆ."

ಆ ತಲೆಯನ್ನು ಅವರು ಭಾನುವಾರಗಳಂದು ಎರವಲು ಪಡೆಯುತ್ತಾರೆ. ಯಡಿಯೂರು ಕೆರೆಯ ನಡಿಗೆದಾರಿಯಲ್ಲಿ ನಾನು ಎಚ್‌ಟಿ-2 ಹಿಡಿದು ನಿಲ್ಲಬೇಕು. ಅವರು ಟ್ರಾನ್ಸ್‌ಮಿಟರನ್ನು ಕಡಿಮೆ ಪವರಿಗೆ ಹಾಕಿ, ಗಟ್ಟಿಯಾಗಿ ಎಣಿಸುತ್ತಾ ಮೂವತ್ತು ಹೆಜ್ಜೆ ಹಿಂದಕ್ಕೆ ನಡೆಯುತ್ತಾರೆ. ಅಲ್ಲಿಂದಲೂ ರೆಕ್ಕೆಯ ತುಂಡು ಅಲ್ಲಾಡಿದರೆ ರೇಂಜ್ ಸರಿಯಿದೆ ಎಂದರ್ಥ. ನಡುವೆ ಯಾರೂ ಬರಕೂಡದು. 2.4 ಗಿಗಾಹರ್ಟ್ಸ್ ಅಲೆಗೆ ನೀರೆಂದರೆ ಆಗದು, ಮನುಷ್ಯನ ಮೈಯೆಂದರೆ ಅರ್ಧಕ್ಕಿಂತ ಹೆಚ್ಚು ನೀರೇ. ವೈದ್ಯರ ಬಲವಂತಕ್ಕೆ ನಡೆಯಲು ಬಂದಿದ್ದ ದಢೂತಿ ಮಹನೀಯರೊಬ್ಬರಿಗೆ ರಾಯರು ಕೈ ಮುಗಿದು, "ಸ್ವಲ್ಪ ಪಕ್ಕಕ್ಕೆ ಬನ್ನಿ ಸ್ವಾಮಿ, ನನ್ನ ಸಿಗ್ನಲ್ ಪೂರ್ತಿ ನೀವೇ ಕುಡೀತಿದೀರಿ" ಅಂದರು. ಆತ ಕುಡಿತದ ಮಾತಿಗೆ ಸಿಟ್ಟಾಗಿ ಅವತ್ತಿನಿಂದ ಲಕ್ಷ್ಮಣರಾವ್ ಪಾರ್ಕಿಗೆ ಹೋಗುತ್ತಿದ್ದಾರಂತೆ. ಇತ್ತ ನನ್ನ ಪಾಡು ಬೇರೆ. ಎದೆಗೆ ಅವುಚಿಕೊಂಡ ವಿಮಾನದೊಂದಿಗೆ ಕೆರೆಗೆ ಮುಖ ಮಾಡಿ ನಿಂತಿದ್ದ ನನ್ನನ್ನು ನೋಡಿ ಹೂವಿನ ಅಜ್ಜಿ ಕೇಳಿದಳು: "ಯಾಕಪ್ಪಾ, ಗಣೇಶನ ಬಿಡೋದು ಇವತ್ತೇ ಸುರುವಾ?"

ಮನೆಯಲ್ಲೂ ಅದೇ ವ್ರತ. ಮದುವೆ ಮನೆಗೆ ಹೋದರೆ ಎಡಗಾಲಿನ ಚಪ್ಪಲಿ ಒಂದು ಬಾಗಿಲಲ್ಲಿ, ಬಲಗಾಲಿನದು ಇನ್ನೊಂದರಲ್ಲಿ. ಬೀಗದ ಕೈ ಮೂರು ಮನೆಗಳಲ್ಲಿದೆ. ಯಾವ ಮೂರು ಎಂಬುದಷ್ಟೇ ಮರೆತಿದೆ. ಗಾಂಧಿ ಬಜಾರಿನ ಜಂಗುಳಿಯಲ್ಲಿ ಕೈ ತಪ್ಪಿ, ಫೋನೂ ಸಿಗದೆ ಹೋದರೆ ಎಂದು ಹೆಂಡತಿಗೂ ಒಂದು ಫೇಲ್‌ಸೇಫ್ ಹಾಕಿಟ್ಟಿದ್ದರು: ನೇರ ಹೋಗಿ ವಿದ್ಯಾರ್ಥಿ ಭವನ ಹೋಟೆಲಿನ ಮುಂದೆ ನಿಲ್ಲತಕ್ಕದ್ದು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೈ ತಪ್ಪಿಯೇ ತಪ್ಪಿತು. ರಾಯರು ಬಾಳೆಕಂದು ಹೊತ್ತು ಅರ್ಧ ಗಂಟೆ ಕಾದರು. ಹೆಂಡತಿ ಒಳಗಿನಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದರು. "ಅಲ್ಲಿ ಸುಮ್ನೆ ನಿಲ್ಲೋಕೆ ಆಗುತ್ತೇನೂಂದ್ರೆ? ಹೆಸರು ಬರ್ಕೊಂಡ್ರು, ಕರೆದ್ರು, ಹೋದೆ."

ಇನ್ನು ಮೊನ್ನೆ ಮೇ ತಿಂಗಳ ಪ್ರಕರಣ. ತಾರಸಿಯ ಅರ್ಧ ಭಾಗದಲ್ಲಿ ಹಳೇ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ದರು. ಇನ್ನರ್ಧದಲ್ಲಿ ರಾಯರು, ನಾನು, ಎಚ್‌ಟಿ-2, ಮತ್ತು ಹಳೆಯದರ ಮೇಲೆ ನಂಬಿಕೆ ಹೋಗಿ ತಂದ ಹೊಸ ರಿಸೀವರ್. ಇದರ ಗುಣ ಬೇರೆ: ಟ್ರಾನ್ಸ್‌ಮಿಟರಿಗೆ ಅದನ್ನು ಬೈಂಡ್ ಮಾಡುವ, ಅಂದರೆ ಗಂಟು ಹಾಕುವ, ಗಳಿಗೆಯಲ್ಲಿ ಸ್ಟಿಕ್ಕು ಎಲ್ಲಿರುತ್ತದೋ ಅದನ್ನೇ ಫೇಲ್‌ಸೇಫ್ ಎಂದು ಬಾಯಿಪಾಠ ಮಾಡಿಕೊಳ್ಳುತ್ತದೆ. ಥ್ರಾಟಲ್ ಕೆಳಗೇ ಇರಬೇಕು. ಇತ್ತು ಕೂಡ. ಸರಿಯಾಗಿ ಆಗಲೇ ಕೆಳಗಿನಿಂದ "ಕಾಫಿ ಆರ್ತಿದೆ!" ಎಂಬ ಸಿಗ್ನಲ್ ಬಂತು. ರಾಯರು ತಿರುಗಿದರು. ಹೆಬ್ಬೆರಳೂ ತಿರುಗಿತು.

ಆಗ ಏನೂ ಆಗಲಿಲ್ಲ. ಥ್ರಾಟಲ್ ಮೇಲಿದ್ದರೆ ಸ್ಪೀಡ್ ಕಂಟ್ರೋಲರ್ ಮೋಟಾರನ್ನು ಎಬ್ಬಿಸುವುದೇ ಇಲ್ಲ, ಪಿಯ್ಯೋ ಎಂದು ತಕರಾರು ತೆಗೆಯುತ್ತದೆ. ಅದು ತಕರಾರು ತೆಗೆಯಿತು, ರಾಯರಿಗೆ ಕಾಫಿಯ ಯೋಚನೆ. ಕುಡಿದು ಬಂದು ಸ್ಟಿಕ್ಕು ಇಳಿಸಿ, ಎಲ್ಲ ಶಾಸ್ತ್ರೋಕ್ತವಾಗಿ ಮತ್ತೆ ಆನ್ ಮಾಡಿ, "ಈಗ ನೋಡಿ, ಸಂಬಂಧ ಕಡೀತೀನಿ" ಎಂದು ಟ್ರಾನ್ಸ್‌ಮಿಟರ್ ಆಫ್ ಮಾಡಿದರು.

ಮೋಟಾರು ಫುಲ್ ಥ್ರಾಟಲಿನಲ್ಲಿ ಕಿರುಚಿತು.

ಪ್ರೊಪೆಲ್ಲರ್ ಬಿಚ್ಚಿಟ್ಟಿದ್ದರು. ಈ ಮನುಷ್ಯನನ್ನು ಆಡಿಕೊಳ್ಳುವವರೆಲ್ಲ ಇದೊಂದನ್ನು ಅವರ ಲೆಕ್ಕಕ್ಕೆ ಬರೆಯಲೇಬೇಕು. ಇಲ್ಲದಿದ್ದರೆ ಸಂಡಿಗೆಯ ಜೊತೆ ನನ್ನ ಬೆರಳೂ ಒಣಗಬೇಕಾಗಿತ್ತು. ಪಕ್ಕದ ಮನೆಯಾಕೆ ಕಿಟಕಿಯಿಂದ, "ಯಾರ್ ರೀ ಅದು, ಖಾಲಿ ಮಿಕ್ಸಿ ತಿರುಗಿಸ್ತಿರೋದು? ಸುಟ್ಟು ಹೋಗುತ್ತೆ!" ಎಂದು ಕೂಗಿದರು. ಟ್ರಾನ್ಸ್‌ಮಿಟರ್ ಮತ್ತೆ ಆನ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ರಾಯರು ಅದನ್ನು ಎತ್ತಿ ಹಿಡಿದ ಭಂಗಿಯಲ್ಲೇ ಕಲ್ಲಾಗಿದ್ದರು. ಮಳೆ ಬಂತೇನೋ ಎಂದು ಸಂಡಿಗೆಗೆ ಓಡಿಬಂದ ಅವರ ಹೆಂಡತಿ, ಬೋಳು ಪೈಲಟ್ಟಿನ ಸಮೇತ ಮುಚ್ಚಳ ಕಿತ್ತು, ಬ್ಯಾಟರಿಯ ಪ್ಲಗ್ ಎಳೆದರು. ಎರಡು ವರ್ಷ ಪಾಠ ಕೇಳಿದ ಕಿವಿ ಅದು.

"ಹೋಲ್ಡ್ ಅಂತೀರಲ್ಲ, ಅದು ನೀವೇ ಅಲ್ವೇ?" ಅಂದರು ನಿಧಾನಕ್ಕೆ. "ರಿಟೈರಾಗಿ ಹದಿನೈದು ವರ್ಷ ಆಯ್ತು. ಇವತ್ತಿಗೂ ಐದೂಕಾಲಿಗೆ ಶೇವ್ ಮಾಡ್ಕೊಂಡು ಫ್ಯಾಕ್ಟರಿ ಬಸ್ಸಿಗೆ ಅಂತ ಗೇಟ್ ಹತ್ರ ಹೋಗಿ ಹಾಲಿನ ಪ್ಯಾಕೆಟ್ ತಗೊಂಡು ಬರ್ತೀರಿ."

ರಾಯರು ಉತ್ತರ ಕೊಡಲಿಲ್ಲ. ರಟ್ಟಿನ ರಿಜಿಸ್ಟರು ತೆಗೆದು ದಿನಾಂಕ ಹಾಕಿ, ದೋಷದ ಕಾಲಮ್ಮಿನಲ್ಲಿ "ಕಾಫಿ" ಎಂದು ಬರೆದರು. ಸ್ವಲ್ಪ ಯೋಚಿಸಿ ಅದನ್ನು ಹೊಡೆದು "ಆಪರೇಟರ್" ಎಂದು ತಿದ್ದಿದರು. ತಪಾಸಣೆ ಮಾಡಿದವರ ಸಹಿಗೆ ಪುಸ್ತಕವನ್ನು ಹೆಂಡತಿಯ ಮುಂದೆ ಹಿಡಿದರು.

ಈಗ ಅವರ ಸಹಿ ಬೀಳದೆ ಪ್ರೊಪೆಲ್ಲರ್ ಹಾಕುವ ಹಾಗಿಲ್ಲ. ಹೆಸರಘಟ್ಟದ ಬಯಲಿಗೆ ಯಾವಾಗ ಹೋಗೋಣ ಎಂದು ಮೊನ್ನೆ ಕೇಳಿದೆ. ಸಂಡಿಗೆ ಒಣಗಿ ಡಬ್ಬಿ ಸೇರಿತಂತೆ. ನಾಳೆ ಹಪ್ಪಳ ಇಡುತ್ತಾರಂತೆ.