ಪಿನ್‌ಬಾಲ್ ಯಂತ್ರಕ್ಕೆ ಬಣ್ಣ ಬದಲಿಸುವ ದೀಪ: ಬಳಕೆದಾರರ ಕೈಪಿಡಿ



ಶಿಕಾಗೋ ಆಸುಪಾಸಿನಲ್ಲೊಂದು ಮನೆ, ಮನೆಗೊಂದು ಬೇಸ್‌ಮೆಂಟು, ಬೇಸ್‌ಮೆಂಟಿನಲ್ಲೊಂದು 1992ರ ‘ಆಡಮ್ಸ್ ಫ್ಯಾಮಿಲಿ’ ಪಿನ್‌ಬಾಲ್ ಯಂತ್ರ. ಇಷ್ಟೂ ಭಾಗ್ಯ ಒಟ್ಟಿಗೆ ಒದಗಿದವರಿಗಾಗಿ ಈ ಕೈಪಿಡಿ. ಶಿಕಾಗೋ ಪಿನ್‌ಬಾಲಿನ ತವರು. ನಿಮ್ಮ ಯಂತ್ರವೂ ಅಲ್ಲಿಯ ಕೂಸೇ. ಅದರ ಒಡಹುಟ್ಟುಗಳನ್ನೂ ಸೇರಿಸಿದರೆ ಲೆಕ್ಕ 20,270. ಮೂರು ದಶಕ ಹಳದಿ ಬಲ್ಬಿನ ಬೆಳಕಿನಲ್ಲಿ ಅದು ಸುಖವಾಗಿಯೇ ಇತ್ತು. ಬಣ್ಣ ಬೇಕೆಂದು ಅದೇನೂ ಅರ್ಜಿ ಹಾಕಿಕೊಂಡಿಲ್ಲ. ಆದರೂ ನೀವು ನಿರ್ಧರಿಸಿದ್ದೀರಿ. ಮುಂದುವರಿಯಿರಿ.

ಬೇಕಾಗುವ ಸಾಮಗ್ರಿ

ಒಂದೊಂದು ದೀಪಕ್ಕೂ ಬೇರೆ ಬೇರೆ ಬಣ್ಣ ಹೇಳಿಕೊಡಬಹುದಾದ ಎಲ್‌ಇಡಿ ಪಟ್ಟಿ, 2 ಮೀಟರ್. ಅದಕ್ಕೊಂದು ಕಂಟ್ರೋಲರ್. 5 ವೋಲ್ಟಿನ ಅಡಾಪ್ಟರ್. ಒಳಗಿನ ಬಲ್ಬುಗಳ ಬದಲಿಗೆ ಎಲ್‌ಇಡಿ ಬಲ್ಬುಗಳು. ಕಾಲಿಂಚಿನ ನಟ್ ಡ್ರೈವರ್. ದೀಪ ಹಾಕುವ ಕೆಲಸಕ್ಕೂ ದೀಪ ಬೇಕಾಗುವುದರಿಂದ ಒಂದು ಟಾರ್ಚು. ಮನೆಯವರ ಒಪ್ಪಿಗೆ (ಪೆಟ್ಟಿಗೆಯಲ್ಲಿ ಒದಗಿಸಿಲ್ಲ, ಬಿಲ್ಲು ಬರುವ ಮೊದಲೇ ಪಡೆಯತಕ್ಕದ್ದು).

ಅಡಾಪ್ಟರಿನ ಲೆಕ್ಕ ಹೀಗೆ: ಮೀಟರಿಗೆ 60 ದೀಪದಂತೆ 120 ದೀಪ. ಪೂರ್ತಿ ಬಿಳಿ ಬೆಳಗಿದಾಗ ಒಂದೊಂದೂ ಸುಮಾರು 60 ಮಿಲಿಆಂಪ್ ಎಳೆಯುತ್ತದೆ. ಒಟ್ಟು 7.2 ಆಂಪ್. ಆದ್ದರಿಂದ 10 ಆಂಪಿನದನ್ನೇ ಕೊಳ್ಳಿ. ಡ್ರಾಯರಿನಲ್ಲಿರುವ ಹಳೆಯ ಫೋನ್ ಚಾರ್ಜರು ಸಾಕೆಂದು ಹೇಳುವ ಗೆಳೆಯನನ್ನು ಕೆಲಸ ಮುಗಿದ ಮೇಲೆ ಊಟಕ್ಕೆ ಕರೆಯಿರಿ, ಮೊದಲೇ ಬೇಡ.

ಎಚ್ಚರಿಕೆ

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಅಮೆರಿಕದ ಗೋಡೆಯಿಂದ ಬರುವುದು 120 ವೋಲ್ಟ್. ಒಳಗೆ ಚೆಂಡನ್ನು ಒದೆಯುವ ಕಾಯಿಲ್‌ಗಳಿಗೆ ಹೋಗುವುದು 50ಕ್ಕೆ ಕಡಿಮೆಯಿಲ್ಲ. ಫ್ಯೂಸು ಹಾರಿದರೆ ಅದೇ ಅಳತೆಯದನ್ನು ಹಾಕಿ. ದೊಡ್ಡ ಫ್ಯೂಸು ಹಾಕಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ವೈರು.

ಹಂತ 1: ತೆರೆಯುವುದು

ನಾಣ್ಯದ ಬಾಗಿಲು ತೆಗೆದು ಒಳಗಿನ ಸನ್ನೆ ಎಳೆಯಿರಿ; ಮುಂದಿನ ಲೋಹದ ಪಟ್ಟಿ ಕೈಗೆ ಬರುತ್ತದೆ. ಗಾಜನ್ನು ನಿಮ್ಮ ಕಡೆಗೆ ಜಾರಿಸಿ. ಉಕ್ಕಿನ ಚೆಂಡು ಎಷ್ಟು ಬಡಿದರೂ ಜಗ್ಗದ ಈ ಗಾಜು, ಅಂಚು ಸಿಮೆಂಟ್ ನೆಲಕ್ಕೆ ತಾಗಿದರೆ ಪುಡಿಪುಡಿಯಾಗುತ್ತದೆ. ಆದ್ದರಿಂದ ಕಾರ್ಪೆಟ್ಟಿನ ಮೇಲಿಡಿ. ಚೆಂಡುಗಳನ್ನು ಹೊರತೆಗೆಯಿರಿ: ಮೂರು, ಒಂದೊಂದೂ ಸುಮಾರು 80 ಗ್ರಾಂ. ತೆಗೆಯದೆ ಆಟದ ಹಲಗೆ ಎತ್ತಿದರೆ ಅವು ತಾವಾಗಿಯೇ ಹೊರಬರುತ್ತವೆ, ಎಲ್ಲಿಂದ ಎಂಬುದು ಅವುಗಳ ಇಷ್ಟ.

ಹಂತ 2: ಹೊಟ್ಟೆಯಡಿಯ ಪಟ್ಟಿ

ಯಂತ್ರದ ತಳದ ಅಂಚಿಗೆ ಎಲ್‌ಇಡಿ ಪಟ್ಟಿ ಅಂಟಿಸಿ. ಪಟ್ಟಿಯ ಮೇಲೆ ಬಾಣದ ಗುರುತಿದೆ. ಸಂದೇಶ ಹರಿಯುವುದು ಆ ದಿಕ್ಕಿನಲ್ಲಿ ಮಾತ್ರ. ತಿರುವುಮುರುವಾಗಿ ಜೋಡಿಸಿದರೆ ಒಂದೂ ಹೊತ್ತದು. ನಡುವಿನ ಒಂದು ದೀಪ ಸತ್ತರೆ ಅದರ ಮುಂದಿನವೆಲ್ಲ ಸುದ್ದಿ ತಿಳಿಯದೆ ಸುಮ್ಮನಿರುತ್ತವೆ. ನೀವು ಕೆಂಪು ಕೇಳಿದಾಗ ಹಸಿರು ಬಂದರೆ ಗಾಬರಿ ಬೇಡ: ಈ ಪಟ್ಟಿಗಳಲ್ಲಿ ಹಲವು ಹಸಿರನ್ನೇ ಮೊದಲು ಓದುತ್ತವೆ. ಕಂಟ್ರೋಲರಿನಲ್ಲಿ ಬಣ್ಣದ ಕ್ರಮ ಬದಲಿಸಿ.

ವಿದ್ಯುತ್ತನ್ನು ಅಡಾಪ್ಟರಿನಿಂದಲೇ ಕೊಡಿ. ಯಂತ್ರದ ಸಾಮಾನ್ಯ ಬೆಳಕಿನ ಬಲ್ಬುಗಳಿಗೆ ಬರುವ 6.3 ವೋಲ್ಟ್ ಎಸಿ ಕರೆಂಟು, ಪಟ್ಟಿಗೆ ಬೇಕಾದ್ದು ಡಿಸಿ. ಅಂಕೆ ಹತ್ತಿರವಿದೆಯೆಂದು ಸಂಬಂಧ ಬೆಳೆಸಬೇಡಿ.

ಹಂತ 3: ಸಾಮಾನ್ಯ ಬೆಳಕು

ಹಲಗೆಯ ಮೂಲೆಮೂಲೆಯಲ್ಲಿ ಸದಾ ಉರಿಯುವ ಬಲ್ಬುಗಳಿವು. ಹಳೆಯದೊಂದು 555 ನಂಬರಿನ ಬಲ್ಬು ಕಾಲು ಆಂಪ್ ಕುಡಿದು ಒಂದೂವರೆ ವ್ಯಾಟಿಗಿಂತ ತುಸು ಹೆಚ್ಚು ಉರಿಯುತ್ತದೆ, ಅದರಲ್ಲಿ ಬಹುಪಾಲು ಬಿಸಿ. ಆ ಭಾರ ಹೊತ್ತು ಹೊತ್ತು ಕನೆಕ್ಟರುಗಳು ಕಂದಾಗುತ್ತವೆ, ಪ್ಲಾಸ್ಟಿಕ್ಕು ಡೊಂಕಾಗುತ್ತದೆ. ಇಲ್ಲಿ ಎಲ್‌ಇಡಿ ಹಾಕುವುದು ಶೋಕಿಯಲ್ಲ, ಯಂತ್ರದ ಆರೋಗ್ಯ. ಮನೆಯವರ ಒಪ್ಪಿಗೆ ಕೇಳುವಾಗ ಈ ವಾಕ್ಯವನ್ನು ಮಾತ್ರ ಓದಿ ಹೇಳಿ.

ಕೊಳ್ಳುವಾಗ ಒಳಗೆ ಬ್ರಿಡ್ಜ್ ರೆಕ್ಟಿಫೈಯರ್ ಇರುವ ಬಲ್ಬೇ ಇರಲಿ. ಅದಿಲ್ಲದ ಎಲ್‌ಇಡಿ ಎಸಿ ಅಲೆಯ ಅರ್ಧಕ್ಕೆ ಮಾತ್ರ ಹೊತ್ತಿ, ಸೆಕೆಂಡಿಗೆ 60 ಸಲ ಕಣ್ಣು ಮಿಟುಕಿಸುತ್ತದೆ. ಮೊದಲು ಚಂದ, ಆಮೇಲೆ ತಲೆನೋವು.

ಹಂತ 4: ಬಿಲ್ಲೆಗಳ ಅಡಿಯ ಬಲ್ಬುಗಳು (ಇಲ್ಲಿ ನಿಲ್ಲಿ)

ಹಲಗೆಯಲ್ಲಿ ಹುದುಗಿಸಿದ ಬಣ್ಣದ ಪ್ಲಾಸ್ಟಿಕ್ ಬಿಲ್ಲೆಗಳನ್ನು ನೋಡಿದಿರಾ? ಅವುಗಳ ಕೆಳಗೂ ಬಣ್ಣ ಬದಲಿಸುವ ಬಲ್ಬು ಹಾಕುವ ಆಸೆ ಈಗ ಹುಟ್ಟುತ್ತದೆ. ಹುಟ್ಟಲಿ. ಬೇಕಾದರೆ ಒಂದಕ್ಕೆ ಹಾಕಿ ನೋಡಿ.

ಮೊದಲ ತೊಡಕು: ಈ ಬಲ್ಬುಗಳು ಎಂಟು ಅಡ್ಡಸಾಲು, ಎಂಟು ಕಂಬಸಾಲುಗಳ ಜಾಲದಲ್ಲಿವೆ. ಒಂದೊಂದು ಕಂಬಸಾಲಿಗೂ ಸರದಿ. ಸಮಯದ ಎಂಟರಲ್ಲೊಂದು ಪಾಲು ಮಾತ್ರ ಕರೆಂಟು. ಆ ಕೊರತೆ ತುಂಬಲೆಂದೇ ಜಾಲಕ್ಕೆ 18 ವೋಲ್ಟ್ ಕೊಟ್ಟಿದ್ದಾರೆ. ಹಳೆಯ ಬಲ್ಬಿನ ತಂತಿ ನಿಧಾನಕ್ಕೆ ತಣಿಯುವುದರಿಂದ ನಡುವಿನ ಕತ್ತಲೆ ಕಾಣಿಸದು. ಎಲ್‌ಇಡಿ ಚುರುಕು, ಕರೆಂಟು ಹೋದೊಡನೆ ಆರುತ್ತದೆ. ತಾನಾಗಿ ಬಣ್ಣ ಬದಲಿಸುವ ಚಿಪ್ಪು ಪ್ರತಿ ಸರದಿಗೂ ಹೊಸದಾಗಿ ಎಚ್ಚೆತ್ತು ಮೊದಲ ಬಣ್ಣದಿಂದಲೇ ಶುರುಮಾಡಿ, ಅಲ್ಲಿಂದ ಮುಂದೆ ದಾಟುವುದೇ ಇಲ್ಲ.

ಎರಡನೆಯದು ಇನ್ನೂ ದೊಡ್ಡದು. ಮೊದಲ ತೊಡಕನ್ನು ಹೇಗೋ ದಾಟಿದಿರಿ ಎನ್ನೋಣ. ಕೆಂಪು ಬಿಲ್ಲೆ ಕೆಂಪು ಬೆಳಕನ್ನಷ್ಟೇ ಹೊರಬಿಡುತ್ತದೆ. ಕೆಳಗಿನ ದೀಪ ಹಸಿರಿಗೋ ನೀಲಿಗೋ ತಿರುಗಿದ ಗಳಿಗೆ ಬಿಲ್ಲೆ ಕಪ್ಪಾಗುತ್ತದೆ. ದೀಪ ಉರಿಯುತ್ತಿದೆ, ಆದರೆ ಆಟಗಾರನಿಗೆ ಆರಿದೆ.

ಅದರಿಂದೇನು ಎನ್ನುವಿರಾ? ಈ ಆಟದಲ್ಲಿ ದೀಪವೇ ಮಾತು. ಹಲಗೆಯ ಮೇಲಿನ ಎಲೆಕ್ಟ್ರಿಕ್ ಚೇರಿನ ದೀಪ ಹೊತ್ತಿದ್ದರೆ ‘ಚೆಂಡನ್ನು ಇಲ್ಲಿಗೆ ತಾ’ ಎಂದರ್ಥ. ತಂದರೆ ಹಲಗೆಯ ಬಂಗಲೆಯ ಚಿತ್ರದಲ್ಲಿ ಮಿಣುಕುತ್ತಿರುವ ಕೋಣೆ ನಿಮ್ಮದು. ಎಲ್ಲ ದೀಪಗಳೂ ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನಂತೆ ಜಗಮಗಿಸಿದರೆ ಯಾವುದು ಕರೆಯುತ್ತಿದೆ, ಯಾವುದು ಬರೀ ಕುಣಿಯುತ್ತಿದೆ? ಆಟಗಾರ ಕಣ್ಣುಮುಚ್ಚಿ ಫ್ಲಿಪರ್ ಒತ್ತಿ ಅದೃಷ್ಟ ನಂಬಬೇಕು, ಅಷ್ಟೆ.

ಪಿನ್‌ಬಾಲು ಬರೀ ಅದೃಷ್ಟದ ಜೂಜು ಎಂದೇ ನ್ಯೂಯಾರ್ಕಿನ ಮೇಯರ್ ಲಗಾರ್ಡಿಯಾ 1942ರಲ್ಲಿ ಅದನ್ನು ನಿಷೇಧಿಸಿ, ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದ್ದು. 1976ರಲ್ಲಿ ಪಿನ್‌ಬಾಲ್ ಆಟಗಾರ ರೋಜರ್ ಶಾರ್ಪ್ ಅಲ್ಲಿನ ನಗರಸಭೆಯವರ ಎದುರು ನಿಂತು, ಚೆಂಡು ಯಾವ ದಾರಿ ಹಿಡಿಯುತ್ತದೆಂದು ಮೊದಲೇ ಹೇಳಿ, ಹೇಳಿದಂತೆಯೇ ಹೊಡೆದು ತೋರಿಸಿದ ಮೇಲೆ ನಿಷೇಧ ಹೋಯಿತು. ಇದು ಗುರಿಯ ಆಟವೆಂದು ಅಷ್ಟು ಕಷ್ಟಪಟ್ಟು ಸಾಬೀತಾಗಿರುವಾಗ, ಗುರಿಯೇ ಕಾಣದಂತೆ ಮಾಡಿ ಮೇಯರರ ವಾದಕ್ಕೆ ಬೇಸ್‌ಮೆಂಟಿನಲ್ಲಿ ಸಾಕ್ಷಿ ಒದಗಿಸಬೇಡಿ.

ಸರಿಯಾದ ವಿಧಾನ: ಕೆಂಪು ಬಿಲ್ಲೆಗೆ ಕೆಂಪು, ಹಸಿರಿಗೆ ಹಸಿರು, ಹಳದಿಗೆ ಬೆಚ್ಚನೆಯ ಬಿಳಿ.

ದೋಷ ಮತ್ತು ಪರಿಹಾರ

ಆರಿರಬೇಕಾದ ಬಿಲ್ಲೆ ಮಂದವಾಗಿ ಬೆಳಗುತ್ತಿದೆ: ದೆವ್ವವಲ್ಲ, ಜಾಲದಲ್ಲಿ ಸೋರಿದ ಚೂರು ಕರೆಂಟು. ಇದನ್ನು ತಡೆಯುವ ಎಲ್‌ಇಡಿಗಳೇ ಬೇರೆ ಸಿಗುತ್ತವೆ.

ಎಲ್ಲವೂ ಸರಿಯಾಗಿದೆ, ಆಟ ಮಾತ್ರ ಸೋಲುತ್ತಿದೆ: ದೀಪಗಳ ತಪ್ಪಲ್ಲ. ಈ ದೋಷ ವಾರಂಟಿಯಲ್ಲಿ ಸೇರಿಲ್ಲ.

ನೋಡಲು ಬಂದವರು ಆಟ ಕೇಳದೆ ಬಣ್ಣ ಬದಲಿಸುವ ಬಟನ್ ಕೇಳುತ್ತಾರೆ: ಕಂಟ್ರೋಲರನ್ನು ಬಚ್ಚಿಡಿ.

ಕೊನೆಯ ಸೂಚನೆ

ಬಣ್ಣ ಬದಲಿಸುವ ದೀಪ ಯಂತ್ರದ ಹೊರಮೈಗಿರಲಿ, ಆಟದ ಹಲಗೆಗೆ ಬೇಡ. ಕಳಚಿದ ಹಳೆಯ ಬಲ್ಬುಗಳನ್ನು ಎಸೆಯದೆ ಡಬ್ಬಿಯಲ್ಲಿ ಹಾಕಿ ಯಂತ್ರದೊಳಗೇ ಇಡಿ. ನಾಳೆ ಯಂತ್ರವನ್ನು ಕೊಳ್ಳಲು ಬರುವ ಗಿರಾಕಿ ಹಳೆಯ ಬೆಳಕೇ ಬೇಕೆಂದು ಕೇಳಿದರೆ, ಚೌಕಾಸಿಯಲ್ಲಿ ಆ ಡಬ್ಬಿಯೇ ನಿಮ್ಮ ಕೈ ಹಿಡಿಯುತ್ತದೆ.