ಬರೆದಾಗಿದೆಯಲ್ಲಾ ಸಾರ್, ಇನ್ನೇನು ಕೆಲಸ?

ನಾಟಕ ಬರೆದವನಿಗೆ ಪ್ರದರ್ಶನದ ದಿನ ಕೈಗೆ ಕೆಲಸವಿರುವುದಿಲ್ಲ. ಲೈಟಿನವರಿಗೆ ಲೈಟಿದೆ, ಮೇಕಪ್ಪಿನವರಿಗೆ ಮುಖಗಳಿವೆ, ಚಹಾ ತರುವ ಹುಡುಗನಿಗಂತೂ ಉಸಿರಾಡಲು ಪುರುಸೊತ್ತಿಲ್ಲ. ನಾಟಕಕಾರ ಮಾತ್ರ ಮದುವೆಮನೆಗೆ ಬಂದ ದೂರದ ಚಿಕ್ಕಪ್ಪನ ಹಾಗೆ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಎಲ್ಲರ ಕಾಲಿಗೂ ಅಡ್ಡ ಬರುತ್ತಿರುತ್ತಾನೆ.

‘ತುಘಲಕ್’ 1964ರಲ್ಲಿ ಬಂದಾಗ ಗಿರೀಶ ಕಾರ್ನಾಡರಿಗೆ 26 ವರ್ಷ. ಆ ವಯಸ್ಸಿನಲ್ಲಿ ನಾನು ರಚಿಸುತ್ತಿದ್ದದ್ದು ರಜಾ ಅರ್ಜಿ. ಸಂಸರ ನಾಟಕಗಳಲ್ಲಿ ನಮಗೆ ಉಳಿದದ್ದು ಆರೇ. ಕಳೆದುಹೋದವನ್ನು ನೆನೆದು ರಂಗಾಸಕ್ತರು ಈಗಲೂ ನಿಟ್ಟುಸಿರು ಬಿಡುತ್ತಾರೆ. ನನ್ನವು ಒಂದೂ ಕಳೆದಿಲ್ಲ, ಅಟ್ಟದ ಮೇಲೆ ಭದ್ರವಾಗಿವೆ. ಪಕ್ಕದಲ್ಲಿದ್ದ ಹಳೇ ಟೆಲಿಫೋನ್ ಡೈರೆಕ್ಟರಿಯನ್ನು ಇಲಿಗಳು ರಟ್ಟಿನಿಂದ ರಟ್ಟಿಗೆ ಮುಗಿಸಿವೆ. ನನ್ನ ಹಸ್ತಪ್ರತಿಗಳ ಮೂಲೆಯನ್ನೂ ಮೂಸಿಲ್ಲ. ಹೀಗಿರುವಾಗ ಹವ್ಯಾಸಿ ತಂಡವೊಂದು ‘ನಿಮ್ಮ ನಾಟಕ ಆಡ್ತೀವಿ’ ಅಂದರೆ ಮನುಷ್ಯ ಏನು ಮಾಡಬೇಕು? ಕೇಳಿದ್ದಕ್ಕೆಲ್ಲ ಹೂಂ ಅಂದೆ.

ಅವರು ಮೊದಲು ಕೇಳಿದ್ದು ಮಾತು ಕಡಿಮೆ ಮಾಡಲು. ಎರಡನೇ ಅಂಕದಲ್ಲಿ ನಾನು ಕಣ್ಣೀರಿಟ್ಟು ಬರೆದ ಮೂರು ಪುಟದ ಸ್ವಗತವೊಂದಿತ್ತು. “ಇದನ್ನ ಒಂದು ನೋಟದಲ್ಲಿ ತೋರಿಸಿಬಿಡ್ತೀವಿ ಸಾರ್” ಅಂದರು ನಿರ್ದೇಶಕರು. ತೋರಿಸಿಯೂ ಬಿಟ್ಟರು. ಸ್ವಗತಕ್ಕಿಂತ ಅದೇ ಚೆನ್ನಾಗಿತ್ತು, ಸಂಕಟವೂ ಅದೇ.

ಆಮೇಲೆ ಕೇಳಿದ್ದು ಕುರ್ಚಿ. ಗುಬ್ಬಿ ವೀರಣ್ಣನವರ ಕಂಪನಿ ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ಜೀವಂತ ಆನೆಯನ್ನೇ ತಂದಿತ್ತು. ನಮ್ಮ ತಂಡದ ಬಜೆಟ್ಟಿಗೆ ಆರಾಮ ಕುರ್ಚಿಯೂ ದಕ್ಕಲಿಲ್ಲ. “ಮಧ್ಯಮ ವರ್ಗದ ಹಾಲ್ ಬೇಕು, ಸ್ವಲ್ಪ ಹಳೇದಾಗಿ, ಸವೆದಿರಬೇಕು” ಅಂತ ನಿರ್ದೇಶಕರು ಅಂದದ್ದೇ ತಡ, ಎಲ್ಲರ ಕಣ್ಣೂ ನನ್ನ ಕಡೆ ತಿರುಗಿದವು. ಹೆಂಡತಿ ತವರಿಗೆ ಹೋಗಿದ್ದ ಸಮಯ ಸಾಧಿಸಿ ಆರಾಮ ಕುರ್ಚಿ, ಟೀಪಾಯಿ, ಕಿಟಕಿ ಪರದೆ, ಕೊನೆಗೆ ಅವಳ ಅಪ್ಪ ಮದುವೆಗೆ ಕೊಟ್ಟಿದ್ದ ಗೋಡೆ ಗಡಿಯಾರವನ್ನೂ ಲಗೇಜ್ ಆಟೋಗೆ ಹೇರಿದೆ.

ರಂಗಶಂಕರದಲ್ಲಿ ಏಳೂವರೆ ಅಂದರೆ ಏಳೂವರೆ. ನಾಟಕ ಶುರುವಾದ ಮೇಲೆ ಬಂದವರು ಯಾರೇ ಆದರೂ ಹೊರಗೇ. ಈ ಶಿಸ್ತು ನಾಡಿನ ಎಲ್ಲ ರಂಗಮಂದಿರಗಳಿಗೂ ಬರಬೇಕು ಅಂತ ಮೈಕ್ ಸಿಕ್ಕಿದಲ್ಲೆಲ್ಲ ಮೇಜು ಗುದ್ದಿ ಭಾಷಣ ಮಾಡಿದವನು ನಾನು. ನಮ್ಮ ಪ್ರದರ್ಶನವಿದ್ದ ಜಾಗದಲ್ಲಿ ಆ ಮಾತನ್ನು ಯಾರೋ ಮನಸ್ಸಿಗೆ ತೆಗೆದುಕೊಂಡಿದ್ದರು. ಪೋಸ್ಟರಿನಲ್ಲಿ ನನ್ನ ಹೆಸರು ಎಲ್ಲಿದೆ ಅಂತ ಕನ್ನಡಕ ಒರೆಸಿಕೊಂಡು ಹುಡುಕುತ್ತಿದ್ದೆ. ‘ಸಾರಿಗೆ ಮತ್ತು ಉಪಾಹಾರ’ದ ಕೆಳಗೆ ಸಿಕ್ಕಿತು. ಅಷ್ಟರಲ್ಲಿ ಮೂರನೇ ಬೆಲ್ ಆಗಿ ಬಾಗಿಲು ಮುಚ್ಚಿತ್ತು.

“ನಾನೇ ಈ ನಾಟಕ ಬರೆದವನು” ಅಂದೆ ಕಾವಲಿನವರಿಗೆ, ಆದಷ್ಟು ವಿನಯದಿಂದ.

“ಬರೆದಾಗಿದೆಯಲ್ಲಾ ಸಾರ್, ಇನ್ನೇನು ಕೆಲಸ?”

ನನ್ನ ಇಡೀ ರಂಗಜೀವನದ ಬಗ್ಗೆ ಇಷ್ಟು ನಿಖರವಾದ ವಿಮರ್ಶೆಯನ್ನು ಬೇರೆ ಯಾರೂ ಬರೆದಿಲ್ಲ.

ಹಿಂಬಾಗಿಲಿನಿಂದ ಕತ್ತಲಲ್ಲಿ ತಡಕಾಡುತ್ತ ಸೈಡ್ ವಿಂಗಿಗೆ ಬಂದೆ. ಪ್ರಾಂಪ್ಟ್ ಮಾಡುತ್ತಿದ್ದ ಹುಡುಗ “ಸಾರ್, ಐದು ನಿಮಿಷ” ಅಂತ ಸ್ಕ್ರಿಪ್ಟನ್ನು ನನ್ನ ಕೈಗಿಟ್ಟು ಮಾಯವಾದ. ಕೊನೆಗೂ ಕೆಲಸ! ಅದೇ ಹೊತ್ತಿಗೆ ರಂಗದ ಮೇಲೆ ನಾಯಕ ಮಾತು ನಿಲ್ಲಿಸಿದ. ಮರೆತಿರಬೇಕು ಅಂತ ಗಾಬರಿಬಿದ್ದು, ಕಣ್ಣಿಗೆ ಬಿದ್ದ ಸಾಲನ್ನು ಪಿಸುಗುಟ್ಟಿದೆ. ಆತ ಪಾಪ, ನನ್ನನ್ನು ನಂಬಿ, ಕೊನೆಯ ಸಾಲಿಗೂ ಕೇಳುವಂತೆ ಹೇಳಿದ: “ದೀರ್ಘ ಮೌನ. ಕಿಟಕಿಯತ್ತ ನೋಡುತ್ತಾನೆ.” ಆತ ಮರೆತಿರಲಿಲ್ಲ. ನಾನು ಕಂಸದಲ್ಲಿ ಬರೆದಿದ್ದ ಮೌನವನ್ನು ಶ್ರದ್ಧೆಯಿಂದ ಅಭಿನಯಿಸುತ್ತಿದ್ದ.

ಅಲ್ಲಿಗೇ ಮುಗಿದಿದ್ದರೆ ಮಾನ ಅರ್ಧವಾದರೂ ಉಳಿಯುತ್ತಿತ್ತು. ಪೋಸ್ಟ್‌ಮ್ಯಾನ್ ಪಾತ್ರದವರು ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಯಾರೋ ನನಗೊಂದು ಖಾಕಿ ಅಂಗಿ ತೊಡಿಸಿದರು, ಇನ್ಯಾರೋ ಕೈಗೆ ಟೆಲಿಗ್ರಾಂ ಕೊಟ್ಟರು. “ಒಂದೇ ಮಾತು ಸಾರ್, ನೀವೇ ಬರೆದದ್ದು: ‘ಅಮ್ಮಾ, ತಂತಿ ಬಂದಿದೆ’” ಅಂತ ರಂಗಕ್ಕೆ ತಳ್ಳಿದರು. ಕಣ್ಣಿಗೆ ಲೈಟು ಹೊಡೆಯಿತು. ಪ್ರೇಕ್ಷಕರಿಲ್ಲ, ನಟರಿಲ್ಲ, ಕಂಡದ್ದು ನಮ್ಮನೆಯ ಆರಾಮ ಕುರ್ಚಿ ಒಂದೇ. ಆ ಕುರ್ಚಿ ಕಂಡರೆ ನನ್ನ ಕಾಲುಗಳು ನನ್ನನ್ನು ಕೇಳುವುದಿಲ್ಲ. ಹೋಗಿ ಕೂತೆ. ಎರಡೂ ಕಾಲನ್ನು ಟೀಪಾಯಿಯ ಮೇಲೆ ಚಾಚಿದೆ. ಸಾವಿನ ಸುದ್ದಿಯ ಟೆಲಿಗ್ರಾಂನಿಂದ ಗಾಳಿ ಹಾಕಿಕೊಳ್ಳುತ್ತ, ಆಗಷ್ಟೇ ವಿಧವೆಯಾಗಬೇಕಿದ್ದ ನಾಯಕಿಯನ್ನು “ಕಾಫಿ ಆಯ್ತಾ?” ಅಂತ ಕೇಳಿದೆ.

ಆಕೆ ಪಳಗಿದ ನಟಿ. “ಹಾಲು ಒಡೆದಿದೆ” ಅಂದು ಸಂಭಾಳಿಸಿದರು. ಸಂಭಾಳಿಸಲಾಗದ ಧ್ವನಿಯೊಂದು ಎರಡನೇ ಸಾಲಿನಿಂದ ಬಂತು. ತವರಿನಿಂದ ಬಸ್ಸಿಳಿದು ನೇರವಾಗಿ ನಾಟಕಕ್ಕೇ ಬಂದಿದ್ದ ನನ್ನ ಹೆಂಡತಿ:

“ರೀ, ಕಾಲು ಕೆಳಗೆ! ಅಯ್ಯೋ, ಅದು ನಮ್ಮಪ್ಪನ ಗಡಿಯಾರ!”

ಕಾಲು ತಾನಾಗಿ ಕೆಳಗಿಳಿಯಿತು. ಮಾವನವರ ಗಡಿಯಾರಕ್ಕೂ ಅದೇ ಮುಹೂರ್ತ ಬೇಕಿತ್ತು, ನಾಟಕದ ನಡುರಾತ್ರಿಯಲ್ಲಿ ಢಣಢಣ ಎಂಟು ಹೊಡೆಯಿತು. ದುರಂತ ನಾಟಕಕ್ಕೆ ಬಂದ ಜನ ಕುರ್ಚಿಯಿಂದ ಜಾರಿ ಬೀಳುವಂತೆ ನಕ್ಕರು.

ನಾಟಕದ ನಂತರ ಸಂವಾದ. ಗಂಭೀರ ಪ್ರೇಕ್ಷಕರೊಬ್ಬರು ಎದ್ದು ನಿಂತರು. ಮಧ್ಯಮ ವರ್ಗದ ಮನೆಯೊಳಗೆ ಕಾಲುಚಾಚಿ ಕೂರುವ ಪೋಸ್ಟ್‌ಮ್ಯಾನ್ ಪ್ರಭುತ್ವದ ಸಂಕೇತವೇ? ಸಭೆಯಿಂದ ಬಂದ ಸ್ತ್ರೀಧ್ವನಿ, ಇದು ನಾಟಕವೆಂದು ಪ್ರೇಕ್ಷಕ ಮರೆಯಬಾರದು ಎನ್ನುವ ಬ್ರೆಕ್ಟ್ ತಂತ್ರವೇ? ಖಾಕಿ ಅಂಗಿಯ ಗುಂಡಿ ಬಿಚ್ಚುತ್ತ ನಾನು “ಹೌದು” ಅಂದೆ. ನೀವಾಗಿದ್ದರೂ ಅದನ್ನೇ ಅನ್ನುತ್ತಿದ್ದಿರಿ.

ನಿರ್ದೇಶಕರು ಆ ದೃಶ್ಯವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ, ಜಾಗ ಸಾಲದ್ದಕ್ಕೆ ನನ್ನ ಇನ್ನೆರಡು ಪುಟ ತೆಗೆದು. ಈಗ ಪ್ರತಿ ಪ್ರದರ್ಶನಕ್ಕೂ ನನ್ನ ಹೆಂಡತಿಗೆ ಎರಡನೇ ಸಾಲಿನಲ್ಲಿ ಸೀಟು, ಹೋಗಿಬರಲು ಆಟೋ ಚಾರ್ಜು. ನನಗೆ ಪಾಸು ಕೊಡುವುದನ್ನು ನಿಲ್ಲಿಸಿದ್ದಾರೆ. ಮುಂದಿನ ಪ್ರದರ್ಶನಕ್ಕೆ ನಿಮ್ಮ ಹತ್ತಿರ ಹೆಚ್ಚುವರಿ ಟಿಕೆಟ್ ಇದ್ದರೆ ದಯವಿಟ್ಟು ತಿಳಿಸಿ.