ಖಿನ್ನತೆಯವರೇ, ದಯವಿಟ್ಟು ಮಂಗಳವಾರವೇ ಬನ್ನಿ

ಮಾನ್ಯ ಖಿನ್ನತೆಯವರಿಗೆ ನಮಸ್ಕಾರಗಳು.

ತಮ್ಮ ಸಂಗಡಿಗರಾದ ಆತಂಕ, ಗೀಳು ಮೊದಲಾದವರಿಗೂ ಈ ಪತ್ರ ತೋರಿಸಬೇಕೆಂದು ಕೋರಿಕೆ.

ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಯೋಜನೆಯಿದೆ. ಅದರಂತೆ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ತಾವೋ ಬುಧವಾರ ನಡುರಾತ್ರಿ ಬಂದು ಎದೆಯ ಮೇಲೆ ಕೂರುತ್ತೀರಿ. ಈ ಅಭ್ಯಾಸ ಬಿಡಿ.

ನಮ್ಮ ಕಷ್ಟವನ್ನೂ ನೋಡಿ. ಲಕ್ಷ ಜನಕ್ಕೆ ಮೂವರು ಮನೋವೈದ್ಯರು ಬೇಕು, ದೇಶದಲ್ಲಿರುವುದು 0.75 ಎಂದು 2023–24ರ ಆರ್ಥಿಕ ಸಮೀಕ್ಷೆಯೇ ಹೇಳಿದೆ. ಆ ಮುಕ್ಕಾಲು ವೈದ್ಯರೂ ಹೆಚ್ಚಾಗಿ ನಗರವಾಸಿ. ಹಳ್ಳಿಯ ಪಾಲಿಗೆ ಉಳಿಯುವುದು ಚೀಟಿ ಬರೆಯುವ ಕೈಯೊಂದೇ.

ಇನ್ನು ಭಾಷೆ. ಸೋಲಿಗರ ಪೋಡು, ಲಂಬಾಣಿ ತಾಂಡಾಗಳ ಕಡೆ ಆದಷ್ಟು ಸುಳಿಯಬೇಡಿ. ಗೋರ್‌ಬೋಲಿ ಬಿಟ್ಟು ಬೇರೆ ಭಾಷೆ ಬಾರದ ಲಂಬಾಣಿ ಸೊಸೆ ಆಸ್ಪತ್ರೆಗೆ ಬಂದರೆ ದುಭಾಷಿ ಕೆಲಸ ಅತ್ತೆಗೇ ಬೀಳುತ್ತದೆ. ಸೊಸೆ ಅತ್ತು ಅತ್ತು ಹೇಳಿದ್ದನ್ನೆಲ್ಲ ಅತ್ತೆ ಒಂದೇ ಉಸಿರಲ್ಲಿ ಮುಗಿಸುತ್ತಾಳೆ: “ಏನಿಲ್ಲ ಸಾಹೇಬ್ರ, ನಿದ್ದಿ ಬರವಲ್ದು ಅಂತಾಳ.” ನಿದ್ದೆ ಮಾತ್ರೆ ಸಿಗುತ್ತದೆ. ಅತ್ತೆಗೆ ಮಾತ್ರೆಯಿಲ್ಲ.

ಅದೇ ತಾಂಡಾದ ಹುಡುಗಿಯನ್ನು ಆಪ್ತಸಮಾಲೋಚಕಿ ಮಾಡಬಹುದಲ್ಲ ಎನ್ನುತ್ತೀರಾ? ಅವಳು ಊರು ಬಿಟ್ಟು, ಇಂಗ್ಲಿಷಿನಲ್ಲಿ ಓದಿ, ಕೊನೆಗೆ ಗುತ್ತಿಗೆ ನೌಕರಿಗೆ ವಾಪಸು ಬರಬೇಕು. ಬೆಂಗಳೂರಲ್ಲೇ ಉಳಿದಳೋ, ಸೇವಾ ಮನೋಭಾವವಿಲ್ಲದವಳು ಎಂದು ಷರಾ ಬರೆಯಲು ನಾವಿದ್ದೇವೆ.

ಹಾದಿ ಗೊತ್ತಿಲ್ಲವೆಂದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಊರಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶಕ್ಕೆ ಮಾದರಿ ಕೊಟ್ಟ ಆಯಾಸ ನಮಗಿನ್ನೂ ಆರಿಲ್ಲ.

ಕಾನೂನೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 31ನೇ ಕಲಮಿನಂತೆ, ಜಾರಿಯಾದ ಹತ್ತು ವರ್ಷದೊಳಗೆ ಅಂತಾರಾಷ್ಟ್ರೀಯ ಮಾರ್ಗಸೂಚಿಯಷ್ಟು ಸಿಬ್ಬಂದಿ ಹೊಂದಲು ಸರ್ಕಾರಗಳು ಪ್ರಯತ್ನಿಸಬೇಕು. ಜಾರಿಯಾದದ್ದು 2018ರಲ್ಲಿ, ಗಡುವು 2028. ಅಲ್ಲಿಯವರೆಗೆ ತಾವು ದೀರ್ಘ ರಜೆ ಹಾಕಿದರೆ ದೊಡ್ಡ ಉಪಕಾರ.

ಒಪ್ಪದಿದ್ದರೆ ಆ ಹುಡುಗಿಗೆ ಶಿಷ್ಯವೇತನ, ಕನ್ನಡದಲ್ಲಿ ಪಾಠ, ತನ್ನ ತಾಲ್ಲೂಕಿನಲ್ಲೇ ಕಾಯಂ ಹುದ್ದೆ, ಜೊತೆಗೆ ಒಬ್ಬೊಬ್ಬರ ಮಾತನ್ನೂ ಕೂತು ಕೇಳುವಷ್ಟು ಪುರುಸೊತ್ತು, ಇಷ್ಟನ್ನೂ ನಾವೇ ಕೊಡಬೇಕಾಗುತ್ತದೆ. ಅಂಥ ದುಂದುವೆಚ್ಚಕ್ಕೆ ನಮ್ಮನ್ನು ದೂಡಬೇಡಿ.

ಇಂತಿ ತಮ್ಮ ವಿಧೇಯ,
ಆರೋಗ್ಯ ವ್ಯವಸ್ಥೆ